ಪೆರಾಕ್ಸೈಡ್ ಹಾಕಿದರೂ ಅಲುಗಾಡದ ಲಿವರ್ ಸೆಲ್‌ಗಳು

ಲಿವರ್ ಸೆಲ್‌ಗಳಿಗೆ ಹೈಡ್ರೋಜನ್ ಪೆರಾಕ್ಸೈಡ್ ಹಾಕಬೇಕು, ಆಮೇಲೆ ಯಾವ ಜೀನ್‌ಗಳು ಏಳುತ್ತವೆ ಅಂತ ನೋಡಬೇಕು. ಪಿಎಚ್‌ಡಿಯ ಎರಡನೇ ವರ್ಷ ನನಗೆ ಸಿಕ್ಕ ಕೆಲಸ ಇಷ್ಟೇ. ಒಂದು ತಿಂಗಳು ಸಾಕು ಅಂತ ಗೈಡ್ ಹತ್ತಿರ ಜಂಬದಿಂದ ಹೇಳಿಬಿಟ್ಟೆ. ಐದು ತಿಂಗಳು ಹಿಡಿಯಿತು.

ಬಳಸಿದ್ದು ಹೆಪ್‌ಜಿ2 ಸೆಲ್‌ಗಳನ್ನು. 1970ರ ದಶಕದಲ್ಲಿ 15 ವರ್ಷದ ಹುಡುಗನೊಬ್ಬನ ಲಿವರ್ ಗೆಡ್ಡೆಯಿಂದ ಬೆಳೆಸಿದ ಸೆಲ್‌ಗಳು ಇವು. ಸಾಕುವುದು ಸುಲಭ. ಆದರೆ ಗುಂಪುಗುಂಪಾಗಿ ಅಂಟಿಕೊಳ್ಳುತ್ತವೆ, ಡಿಶ್‌ನಿಂದ ಬಿಡಿಸುವ ಎಂಜೈಮ್ ಟ್ರಿಪ್ಸಿನ್ ಹಾಕಿದ ಮೇಲೆ ಸರಿಯಾಗಿ ಬಿಡಿಸದಿದ್ದರೆ ಎಣಿಕೆಯೇ ತಪ್ಪುತ್ತದೆ.

300 ಮೈಕ್ರೋಮೋಲಾರ್ ಪೆರಾಕ್ಸೈಡ್, 6 ಗಂಟೆ. ಆರ್‌ಎನ್‌ಎ ತೆಗೆದು, ಯಾವ ಜೀನ್‌ನ ಆರ್‌ಎನ್‌ಎ ಎಷ್ಟಿದೆ ಅಂತ ಅಳೆಯುವ ರಿಯಲ್ ಟೈಮ್ ಪಿಸಿಆರ್ ಮಾಡಿದೆ. ಪೆರಾಕ್ಸೈಡ್ ಹಾಕದ ಸೆಲ್‌ಗಳಿಗೂ (ಕಂಟ್ರೋಲ್) ಇದಕ್ಕೂ ವ್ಯತ್ಯಾಸವೇ ಇಲ್ಲ! ಪೆರಾಕ್ಸೈಡ್ ಹಳೆಯದಿರಬೇಕು ಅಂತ ಹೊಸ ಬಾಟಲಿ ತರಿಸಿದೆ. ಮತ್ತೆ ಅದೇ ಕಥೆ.

ಕೊನೆಗೆ ಒಬ್ಬ ಸೀನಿಯರ್ ಬಂದು ಮೀಡಿಯಾ, ಅಂದರೆ ಸೆಲ್‌ಗಳನ್ನು ಬೆಳೆಸುವ ಪೋಷಕ ದ್ರವದ ಬಾಟಲಿಯ ಲೇಬಲ್ ತೋರಿಸಿದರು. ಅದರಲ್ಲಿ ಸೆಲ್‌ಗಳ ಆಹಾರವಾಗಿ 1 ಮಿಲಿಮೋಲಾರ್, ಅಂದರೆ 1000 ಮೈಕ್ರೋಮೋಲಾರ್ ಪೈರುವೇಟ್ ಇತ್ತು. ಪೈರುವೇಟ್ ಪೆರಾಕ್ಸೈಡ್ ಜೊತೆ ನೇರವಾಗಿ ಸೇರಿ ಅದನ್ನು ಮುಗಿಸಿಬಿಡುತ್ತದೆ. ನಾನು ಹಾಕಿದ್ದಕ್ಕಿಂತ ಮೂರು ಪಟ್ಟು ಜಾಸ್ತಿ ಪೈರುವೇಟ್ ಅಲ್ಲೇ ಕಾಯುತ್ತಿತ್ತು! ಅಷ್ಟು ದಿನ ನಾನು ಸೆಲ್‌ಗಳಿಗೆ ಸುಮ್ನೆ ನೀರು ಹಾಕಿದ ಹಾಗಾಗಿತ್ತು.

ಪೈರುವೇಟ್ ಇಲ್ಲದ ಮೀಡಿಯಾ ತಂದೆ. ಆದರೂ ನಾನು ಅಳೆಯುತ್ತಿದ್ದ ಎನ್‌ಆರ್‌ಎಫ್2 ಅನ್ನುವ ಜೀನ್ ಏರಲಿಲ್ಲ. ಇಲ್ಲಿ ತಪ್ಪು ನನ್ನ ತಲೆಯಲ್ಲೇ ಇತ್ತು. ಆಕ್ಸಿಡೇಟಿವ್ ಸ್ಟ್ರೆಸ್, ಅಂದರೆ ಪೆರಾಕ್ಸೈಡ್‌ನಂಥವುಗಳ ಕಾಟ ಬಂದಾಗ ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುವ ಪ್ರೋಟೀನ್ ಅದು, ಹಾಗಾಗಿ ಅದರ ಆರ್‌ಎನ್‌ಎಯೇ ಜಾಸ್ತಿಯಾಗಬೇಕು ಅಂದುಕೊಂಡಿದ್ದೆ. ಅದು ನಡೆಯುವ ರೀತಿಯೇ ಬೇರೆ. ನೆಮ್ಮದಿಯ ದಿನಗಳಲ್ಲೂ ಸೆಲ್ ಈ ಪ್ರೋಟೀನನ್ನು ಮಾಡುತ್ತಲೇ ಇರುತ್ತದೆ. ಕೀಪ್1 ಅನ್ನುವ ಇನ್ನೊಂದು ಪ್ರೋಟೀನ್ ಅದನ್ನು ಹಿಡಿದು ನಾಶಕ್ಕೆ ಕಳಿಸುತ್ತಿರುತ್ತದೆ. ಪೆರಾಕ್ಸೈಡ್ ಬಂದಾಗ ಕೀಪ್1ರಲ್ಲಿರುವ ಸಿಸ್ಟೀನ್ ಅನ್ನುವ ಅಮೈನೋ ಆಮ್ಲಗಳು ಕೆಡುತ್ತವೆ, ಹಿಡಿತ ತಪ್ಪುತ್ತದೆ. ನಲ್ಲಿಯ ನೀರು ಮೊದಲಿನಷ್ಟೇ ಬರುತ್ತಿರುತ್ತದೆ, ತೊಟ್ಟಿಯ ತೂತು ಮುಚ್ಚಿಕೊಂಡಿರುತ್ತದೆ, ಅಷ್ಟೇ. ಉಳಿದುಕೊಂಡ ಎನ್‌ಆರ್‌ಎಫ್2 ನ್ಯೂಕ್ಲಿಯಸ್‌ಗೆ ಹೋಗಿ ಎಚ್‌ಎಂಒಎಕ್ಸ್1, ಜಿಸಿಎಲ್‌ಎಂ, ಎನ್‌ಕ್ಯೂಒ1ರಂಥ ರಕ್ಷಣೆಯ ಜೀನ್‌ಗಳನ್ನು ಎಬ್ಬಿಸುತ್ತದೆ. ಜಿಸಿಎಲ್‌ಎಂ ಅನ್ನುವುದು ಸೆಲ್‌ನ ರಕ್ಷಕ ಅಣುವಾದ ಗ್ಲುಟಾಥಯೋನ್ ತಯಾರಿಗೆ ಬೇಕಾದ ಜೀನ್. ನಾನು ನೋಡಬೇಕಾಗಿದ್ದು ಇವನ್ನು.

ನೋಡಿದೆ. ಎಚ್‌ಎಂಒಎಕ್ಸ್1 ಏರಿತ್ತು, ಆದರೆ ತೀರಾ ಸ್ವಲ್ಪ. ಆಗ ಸಿಟಿ ಮೌಲ್ಯಗಳನ್ನೇ (ಪಿಸಿಆರ್‌ನ ಎಷ್ಟನೇ ಸುತ್ತಿನಲ್ಲಿ ಸಿಗ್ನಲ್ ಕಾಣುತ್ತದೆ ಅನ್ನುವ ಸಂಖ್ಯೆ) ಒಂದೊಂದಾಗಿ ನೋಡುತ್ತಾ ಕೂತೆ. ಬದಲಾಗುವುದಿಲ್ಲ ಅಂತ ನಂಬಿ ಹೋಲಿಕೆಗೆ ಇಟ್ಟುಕೊಂಡಿದ್ದ ಜೀನ್ ಜಿಎಪಿಡಿಎಚ್, ಪೆರಾಕ್ಸೈಡ್ ಹಾಕಿದ ಸ್ಯಾಂಪಲ್‌ಗಳಲ್ಲಿ ಸುಮಾರು ಒಂದು ಸಿಟಿ ಮೊದಲೇ ಬರುತ್ತಿತ್ತು. ಒಂದು ಸಿಟಿ ಅಂದರೆ ಎರಡು ಪಟ್ಟು. ಅಳತೆಗೋಲೇ ಉದ್ದವಾದರೆ ಬಟ್ಟೆ ಗಿಡ್ಡ ಕಾಣುತ್ತದೆ, ಅಲ್ವಾ? ಎಲ್ಲರೂ ಜಿಎಪಿಡಿಎಚ್ ಬಳಸುತ್ತಾರೆ ಅಂತ ನಾನೂ ಬಳಸಿದ್ದೆ. ಈ ಕುರುಡು ಅಭ್ಯಾಸ ನಮ್ಮ ಲ್ಯಾಬ್‌ಗಳಲ್ಲಿ ಜಾಸ್ತಿ.

ಹೋಲಿಕೆಗೆ ಯಾವುದು ಸರಿ ಅಂತ ಮೂರು ನಾಲ್ಕು ಜೀನ್‌ಗಳನ್ನು ಪರೀಕ್ಷೆ ಮಾಡಿದೆ. ನನ್ನ ಸೆಲ್‌ಗಳಲ್ಲಿ ಅಲುಗಾಡದೆ ನಿಂತದ್ದು ಆರ್‌ಪಿಎಲ್13ಎ. ಫ್ರೀಜರ್‌ನಲ್ಲಿದ್ದ ಸಿಡಿಎನ್‌ಎ (ಆರ್‌ಎನ್‌ಎಯಿಂದ ಮಾಡಿಟ್ಟ ಡಿಎನ್‌ಎ ಪ್ರತಿ) ತೆಗೆದು ಪ್ಲೇಟ್‌ಗಳನ್ನೆಲ್ಲ ಮತ್ತೆ ಹಾಕಿದೆ. ಎಚ್‌ಎಂಒಎಕ್ಸ್1 ನಾಲ್ಕು ಪಟ್ಟು ಏರಿತ್ತು. ಎನ್‌ಕ್ಯೂಒ1 ಮಾತ್ರ ಅಷ್ಟಾಗಿ ಏಳಲಿಲ್ಲ. ಈ ಗೆಡ್ಡೆಯ ಸೆಲ್‌ಗಳಲ್ಲಿ ಅದು ಮೊದಲೇ ಮೇಲೆ ಕೂತಿತ್ತು.