ಚೀಲ ಮನೇಲಿ, ನಾವು ಮಾರ್ಕೆಟ್ಟಲ್ಲಿ: ಕವರ್ ಬಿಟ್ಟು ಚೀಲ ಹಿಡಿಯೋದು ಹೇಗೆ

ಪ್ಲಾಸ್ಟಿಕ್ ಕವರ್ ಕೆಟ್ಟದ್ದು ಅಂತ ಈಗ ಯಾರಿಗೂ ಹೊಸದಾಗಿ ಹೇಳ್ಬೇಕಾಗಿಲ್ಲ ಕಣ್ರಿ. ಆದ್ರೂ ಕೆಲಸ ಮುಗಿಸ್ಕೊಂಡು ಬರ್ತಾ ಮೈಸೂರಿನ ಅಗ್ರಹಾರ ಸರ್ಕಲ್ ಹತ್ರ ಗಾಡಿ ನಿಲ್ಸಿ ಅರ್ಧ ಕೆಜಿ ಬೀನ್ಸು, ಒಂದು ಕಟ್ಟು ಕೊತ್ತಂಬರಿ ತಗೊಳ್ಳೋ ಹೊತ್ತಿಗೆ ಚೀಲ ಎಲ್ಲಿರುತ್ತೆ ಹೇಳಿ, ಮನೇಲಿ ಬಾಗಿಲ ಹಿಂದಿನ ಮೊಳೇಲಿ ನೇತಾಡ್ತಿರುತ್ತೆ. ಅದಕ್ಕೇ ಯಾವ ಚೀಲ ಒಳ್ಳೇದು ಅನ್ನೋದಕ್ಕೂ ಮೊದಲು ಚೀಲ ಎಲ್ಲಿರ್ಬೇಕು ಅನ್ನೋದನ್ನ ತೀರ್ಮಾನ ಮಾಡ್ಕೊಳ್ಳಿ ಅಂತೀನಿ ನಾನು.

ನನ್ನ ಲೆಕ್ಕ ಹೀಗಿದೆ. ಸ್ಕೂಟರ್ ಡಿಕ್ಕೀಲಿ ಎರಡು ದಪ್ಪ ಚೀಲ, ದಿನಾ ಹೆಗಲಿಗೆ ಹಾಕೋ ಬ್ಯಾಗಲ್ಲಿ ಒಂದು ತೆಳ್ಳಂದು, ಇವು ಯಾವತ್ತೂ ಅಲ್ಲೇ ಇರ್ಬೇಕು. ತರಕಾರಿ ಮನೇಲಿ ಸುರಿದ ತಕ್ಷಣ ಚೀಲ ಮಡಚಿ ಗಾಡಿ ಕೀ ಇಡೋ ಜಾಗದಲ್ಲೇ ಇಟ್ಬಿಡಿ, ಮಾರನೇ ದಿನ ಕೀ ಎತ್ಕೊಳ್ಳೋವಾಗ ಚೀಲಾನೂ ಕೈಗೆ ಬರುತ್ತೆ. ಮಂಡ್ಯದಿಂದ ದಿನಾ ರೈಲಲ್ಲಿ ಓಡಾಡೋರಿಗೆ ಹಳೇ ಸೀರೆಯಲ್ಲಿ ಹೊಲಿದ ಚೀಲ ತುಂಬಾ ಅನುಕೂಲ, ಮಡಚಿದ್ರೆ ಮುಷ್ಟಿಯಷ್ಟೂ ಆಗಲ್ಲ, ಊಟದ ಡಬ್ಬಿ ಪಕ್ಕ ಕೂತ್ಕೊಳ್ಳುತ್ತೆ, ಐದಾರು ಕೆಜಿ ಹೊರುತ್ತೆ.

ಹೊಸ ಚೀಲ ಕೊಳ್ಳೋಕೆ ಮಾತ್ರ ಹೋಗ್ಬೇಡಿ, ಮೊದಲು ಮನೇಲಿ ಹುಡುಕಿ. ನಮ್ಮ ಕಡೆ ಯಾವ ಮದುವೆಗೆ ಹೋದ್ರೂ ತೆಂಗಿನಕಾಯಿ ತಾಂಬೂಲ ಹಾಕಿ ಹೆಣ್ಣು ಗಂಡಿನ ಹೆಸರು ಪ್ರಿಂಟ್ ಮಾಡಿಸಿರೋ ಚೀಲ ಕೊಡ್ತಾರೆ, ಒಂದು ಸೀಸನ್ ಮುಗಿಯೋ ಹೊತ್ತಿಗೆ ಅಟ್ಟದ ಮೇಲೆ ಒಂದು ರಾಶೀನೇ ಆಗಿರುತ್ತೆ. ಅದನ್ನ ಬಿಟ್ಟು ಅಂಗಡೀಲಿ ಚೆಂದ ಕಾಣ್ತು ಅಂತ ಇನ್ನೊಂದು ಹತ್ತಿ ಬ್ಯಾಗು ತಂದ್ರೆ ಪರಿಸರಕ್ಕೆ ಏನೂ ಲಾಭ ಇಲ್ಲ. ಇಂಗ್ಲೆಂಡಿನ ಎನ್ವಿರಾನ್ಮೆಂಟ್ ಏಜೆನ್ಸಿ 2011ರಲ್ಲಿ ಒಂದು ವರದಿ ತಂದಿತ್ತು, ಹತ್ತಿ ಬೆಳೆಯೋದು, ನೂಲೋದು, ನೇಯೋದು ಎಲ್ಲಾ ಸೇರ್ಸಿ ನೋಡಿದ್ರೆ ಒಂದು ಹತ್ತಿ ಚೀಲವನ್ನ 131 ಸಲ ಬಳಸಿದ್ರೆ ಮಾತ್ರ ಅದು ಒಂದೇ ಸಲಕ್ಕೆ ಬಿಸಾಕೋ ತೆಳು ಕವರಿಗೆ ಹವಾಮಾನದ ಲೆಕ್ಕದಲ್ಲಿ ಸಮ ಆಗುತ್ತೆ ಅಂತ. 2018ರಲ್ಲಿ ಡೆನ್ಮಾರ್ಕಿನೋರು ಅಲ್ಲಿನ ಅಂಗಡಿಗಳ ಸ್ವಲ್ಪ ದಪ್ಪ ಕವರಿಗೆ ಹೋಲಿಸಿ ಇದೇ ಥರ ಲೆಕ್ಕ ಹಾಕಿದಾಗ 52 ಸಲ ಅಂತ ಬಂತು. ವಾರಕ್ಕೆ ಎರಡು ಸಲ ಮಾರ್ಕೆಟ್ಟಿಗೆ ಹೋಗೋ ಮನೆಗೆ 131 ಸಲ ಅಂದ್ರೆ ಒಂದೂಕಾಲು ವರ್ಷ, ಗಟ್ಟಿ ಚೀಲಕ್ಕೆ ಅದೇನೂ ಕಷ್ಟ ಅಲ್ಲ. ಅಟ್ಟದಲ್ಲಿ ಮಲಗಿರೋ ಚೀಲಕ್ಕೆ ಮಾತ್ರ ಆ ಲೆಕ್ಕ ಯಾವತ್ತೂ ತೀರಲ್ಲ. ಚರಂಡಿ ಕಟ್ಕೊಳ್ಳೋದು, ದನದ ಹೊಟ್ಟೆ ಸೇರೋದು ಇದ್ಯಾವುದೂ ಈ ಅಂಕಿಗಳಲ್ಲಿ ಸೇರಿಲ್ಲ, ಅದು ಬೇರೇನೇ ಇದೆ. ಹಳೇ ಸೀರೆ, ಪಂಚೆ, ಬೆಡ್‌ಶೀಟಲ್ಲಿ ಹೊಲಿದ್ರೆ ಹೊಸ ಬಟ್ಟೆ ನೇಯೋ ಖರ್ಚೇ ಇಲ್ವಲ್ಲ, ಅದಕ್ಕೇ ನಾನು ಯಾವಾಗ್ಲೂ ಹಳೇದಕ್ಕೇ ಓಟು.

ಬಟ್ಟೆ ಥರ ಕಾಣೋ ಪ್ಲಾಸ್ಟಿಕ್ ಬಗ್ಗೆ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಇಲ್ಲೇ ಬಹಳ ಜನ ಮೋಸ ಹೋಗೋದು. ಬಟ್ಟೆ ಅಂಗಡಿ, ಸ್ವೀಟ್ ಅಂಗಡೀಲಿ ಕೊಡ್ತಾರಲ್ಲ ಬಣ್ಣಬಣ್ಣದ ಬ್ಯಾಗು, ಮೈಮೇಲೆ ಸಣ್ಣ ಸಣ್ಣ ಚುಕ್ಕಿ ಒತ್ತಿದ ಹಾಗೆ ಇರುತ್ತೆ, ಅದು ನಾನ್ ವೋವನ್, ಅಂದ್ರೆ ಪಾಲಿಪ್ರೊಪಿಲೀನ್ ಅನ್ನೋ ಪ್ಲಾಸ್ಟಿಕ್ಕೇ. ಅಂಚಿಂದ ಒಂದು ಚೂರು ಕತ್ತರಿಸಿ ಇಕ್ಕಳದಲ್ಲಿ ಹಿಡಿದು ಬೆಂಕಿ ಕಡ್ಡಿ ತಾಗ್ಸಿ ನೋಡಿ, ಮನೆ ಹೊರಗೆ ಮಾಡಿ, ಮಕ್ಕಳು ಹತ್ರ ಬೇಡ. ಹತ್ತಿ ಆದ್ರೆ ಕಾಗದ ಸುಟ್ಟ ವಾಸನೆ ಬಂದು ಮುಟ್ಟಿದ್ರೆ ಉದುರೋ ಬೂದಿ ಆಗುತ್ತೆ, ಇದು ಕರಗಿ ಮುದುಡಿ ಗಟ್ಟಿ ಗುಂಡಾಗುತ್ತೆ. ಬೆಂಕಿ ಬೇಡ ಅಂದ್ರೆ ಒಂದು ನೂಲು ಎಳೆದು ನೋಡಿ, ನೇಯ್ದ ಬಟ್ಟೇಲಿ ನೂಲು ಬರುತ್ತೆ, ಇದ್ರಲ್ಲಿ ನೂಲೇ ಇಲ್ಲ. ಬಿಸಿಲಿಗೆ ಕೆಲವು ತಿಂಗಳು ಬಿದ್ದಿದ್ರೆ ಮುಟ್ಟಿದ್ರೆ ಪುಡಿ ಪುಡಿ ಆಗಿ ಉದುರುತ್ತೆ, ಆ ಪುಡಿ ಹೋಗಿ ಸೇರೋದು ಮಣ್ಣಿಗೇನೆ. ಕೇಂದ್ರದ ನಿಯಮದಲ್ಲೂ ಇದನ್ನ ಪ್ಲಾಸ್ಟಿಕ್ ಕ್ಯಾರಿ ಬ್ಯಾಗ್ ಅಂತಾನೇ ಲೆಕ್ಕ, ಚದರ ಮೀಟರಿಗೆ 60 ಗ್ರಾಮಿಗಿಂತ ತೆಳು ಇರೋ ಹಾಗಿಲ್ಲ ಅಂತ 2021ರಲ್ಲಿ ತಂದ್ರು. ಮಾಮೂಲಿ ಕವರು 2022ರ ಡಿಸೆಂಬರ್ 31ರಿಂದ ಕನಿಷ್ಠ 120 ಮೈಕ್ರಾನ್, ಅಂದ್ರೆ 0.12 ಮಿಲಿಮೀಟರ್ ದಪ್ಪ ಇರ್ಬೇಕು. ನಮ್ಮ ಕರ್ನಾಟಕದಲ್ಲಿ ಅದಕ್ಕೂ ಮೊದಲೇ 2016ರ ಮಾರ್ಚಲ್ಲೇ ಕ್ಯಾರಿ ಬ್ಯಾಗ್ ನಿಷೇಧ ಆಗಿತ್ತು, ಆದ್ರೂ ಸಂತೇಲಿ ತೆಳು ಕವರ್ ನೋಡಿದ್ರೆ ನನಗೆ ನಿಜವಾಗ್ಲೂ ಸಂಕಟ ಆಗುತ್ತೆ.

ಯಾವ ಸಾಮಾನಿಗೆ ಯಾವ ಚೀಲ ಅಂದ್ರೆ, ಆಲೂಗಡ್ಡೆ, ಈರುಳ್ಳಿ, ತೆಂಗಿನಕಾಯಿಗೆ ದಪ್ಪ ಕ್ಯಾನ್ವಾಸು ಇಲ್ಲಾ ಹಳೇ ಜೀನ್ಸ್ ಪ್ಯಾಂಟಿನ ಕಾಲಲ್ಲಿ ಹೊಲಿದಿದ್ದು. ಗೋಣಿ ಬ್ಯಾಗು ಭಾರಕ್ಕೆ ಚೆನ್ನಾಗಿದೆ ಆದ್ರೆ ಮಳೆಗಾಲಕ್ಕೆ ಬೇಡ, ಒದ್ದೆ ಆದ್ರೆ ವಾಸನೆ ಹೋಗಲ್ಲ. ಟೊಮೆಟೊ, ಮೊಟ್ಟೆ, ದ್ರಾಕ್ಷಿ, ಪಪಾಯ ಇವಕ್ಕೆ ಅಜ್ಜಿ ಕಾಲದ ವೈರ್ ಬುಟ್ಟಿಯಷ್ಟು ಒಳ್ಳೇದು ಇನ್ನೊಂದಿಲ್ಲ. ಅದೂ ಪ್ಲಾಸ್ಟಿಕ್ಕೇ ಅಲ್ವಾ ಅಂತ ಕೇಳ್ತೀರ, ಹೌದು, ಆದ್ರೆ ನಮ್ಮ ಮನೆ ಬುಟ್ಟಿಗೆ ಹದಿನೈದು ವರ್ಷದ ಮೇಲಾಯ್ತು, ತೊಳೆದ್ರೆ ಇವತ್ತಿಗೂ ಹೊಸದರ ಹಾಗಿದೆ, ಅಂಥದ್ದನ್ನ ಎಸೆದು ಬಟ್ಟೆ ಬ್ಯಾಗು ತರೋದ್ರಲ್ಲಿ ಅರ್ಥ ಇಲ್ಲ. ಗಾಡಿ ಮುಂದೆ ಕಾಲಿಡೋ ಜಾಗದಲ್ಲಿ ನೆಟ್ಟಗೆ ನಿಲ್ಲುತ್ತೆ ಬೇರೆ.

ಹೊಲಿಸೋದಾದ್ರೆ ಒಂದು ಮೀಟರ್ ಕಾಡಾ ಬಟ್ಟೆ, ಅಂದ್ರೆ ಒರಟು ಹತ್ತಿ ಬಟ್ಟೆ ಸಾಕು, ಮನೇಲಿರೋ ದಪ್ಪ ಬೆಡ್‌ಶೀಟ್ ಆದ್ರೆ ಇನ್ನೂ ಒಳ್ಳೇದು. ಹೊಸ ಬಟ್ಟೆ ಆದ್ರೆ ಮೊದಲು ನೆನೆಸಿ ಒಣಗ್ಸಿ, ಇಲ್ದಿದ್ರೆ ಆಮೇಲೆ ಕುಗ್ಗುತ್ತೆ. 36 ಇಂಚು ಉದ್ದ 17 ಇಂಚು ಅಗಲ ಕತ್ತರಿಸಿ ನಡುವೆ ಮಡಚಿ ಎರಡೂ ಪಕ್ಕ ಹೊಲಿದು, ತಳದ ಎರಡು ಮೂಲೇನ ನಾಲ್ಕು ಇಂಚು ಅಡ್ಡ ಹೊಲಿಗೆ ಹಾಕಿಸಿ, ಆಗ ಚೀಲಕ್ಕೆ ತಳ ಬರುತ್ತೆ, ಕೆಳಗಿಟ್ರೆ ಕೂರುತ್ತೆ. ಚೀಲ ಹರಿಯೋದು ಬಟ್ಟೇಲಿ ಅಲ್ಲ, ಹಿಡಿ ಸೇರೋ ಜಾಗದಲ್ಲಿ. ನಾಲ್ಕು ಇಂಚಿನ ಪಟ್ಟೀನ ನಾಲ್ಕು ಮಡಿಕೆ ಮಾಡಿ ಒಂದಿಂಚಿನ ಹಿಡಿ ಮಾಡ್ಸಿ, ಬಾಯಿಂದ ಕೆಳಗೆ ಎರಡು ಇಂಚು ಇಳಿಸಿ ಚೌಕಾಕಾರಕ್ಕೆ ಹೊಲಿಸಿ, ಚೌಕದೊಳಗೆ ಮೂಲೆಯಿಂದ ಮೂಲೆಗೆ ಎರಡು ಗೀಟು ಹೊಡೆಸಿ. ಟೈಲರಿಗೆ ಇದನ್ನ ಬಾಯಿಬಿಟ್ಟು ಹೇಳ್ಬೇಕು, ಹೇಳ್ದಿದ್ರೆ ಒಂದೇ ಗೀಟಲ್ಲಿ ಮುಗಿಸಿ ಕೊಡ್ತಾರೆ. ಹೆಗಲಿಗೆ ಹಾಕೋದಾದ್ರೆ ಹಿಡಿ ಪಟ್ಟಿ 24 ಇಂಚು, ಗಾಡಿ ಕೊಕ್ಕೆಗೆ ನೇತು ಹಾಕೋದಾದ್ರೆ 16 ಸಾಕು, ಆದ್ರೂ ಕೊಕ್ಕೆಯಿಂದ ಕೆಳಗೆ ಎಷ್ಟಿದೆ ಅಂತ ಅಳೆದು ನೋಡ್ಕೊಂಡೇ ಕತ್ತರಿಸಿ. ಉಳಿದ ತುಂಡು, ಹಳೇ ದಿಂಬಿನ ಕವರು, ತೆಳು ಪಂಚೆ ಇವುಗಳಲ್ಲಿ ಲಾಡಿ ಹಾಕಿ ಐದಾರು ಪುಟ್ಟ ಚೀಲ ಮಾಡ್ಕೊಳ್ಳಿ. ದೊಡ್ಡ ಚೀಲ ಒಂದೇ ತಗೊಂಡು ಹೋದ್ರೆ ಬೀನ್ಸು, ಹಸಿಮೆಣಸಿನಕಾಯಿ, ನಿಂಬೆಹಣ್ಣು ಎಲ್ಲಾ ಬೆರೆತೋಗುತ್ತೆ, ಆ ಒಂದು ಕಾರಣಕ್ಕೇ ಎಷ್ಟೋ ಜನ ವಾಪಸ್ ಕವರಿಗೆ ಹೋಗ್ತಾರೆ.

ಇನ್ನು ಮಾರ್ಕೆಟ್ಟು. ದೇವರಾಜ ಮಾರ್ಕೆಟ್ಟಾಗ್ಲಿ ಮಂಡ್ಯದ ಪೇಟೆ ಬೀದಿಯಾಗ್ಲಿ, ತೂಕ ಹಾಕೋಕೂ ಮೊದಲೇ ಚೀಲದ ಬಾಯಿ ಅಗಲಿಸಿ ಹಿಡ್ಕೊಂಡು ನಿಂತ್ಕೊಳ್ಳಿ, "ಅಕ್ಕ ಕವರ್ ಬೇಡ, ಚೀಲಕ್ಕೇ ಸುರೀರಿ" ಅನ್ನಿ. ತೂಕ ಆದ್ಮೇಲೆ ಹೇಳಿದ್ರೆ ಅಷ್ಟೊತ್ತಿಗೆ ಅವ್ರ ಕೈ ಕವರ್ ಕಿತ್ತಿರುತ್ತೆ, ಅದು ಅವ್ರಿಗೆ ಅಭ್ಯಾಸ ಆಗೋಗಿದೆ. ನಾನು ಸೊಪ್ಪು ತಗೊಳ್ಳೋ ಅಮ್ಮ ಈಗ ನನ್ನ ದೂರದಿಂದ ನೋಡಿದ್ರೇ ಮಗನಿಗೆ "ಚೀಲದೋರು ಬಂದ್ರು, ಕವರ್ ತಗೀಬ್ಯಾಡ" ಅಂತಾರೆ, ಕವರಿನ ದುಡ್ಡು ಉಳಿಯೋದು ಅವ್ರಿಗೂ ಒಳ್ಳೇದೇ ತಾನೆ. ಕೊಳ್ಳೋ ವರಸೆ ನೋಡ್ಕೊಳ್ಳಿ, ಮೊದಲು ಗಡ್ಡೆ ಗೆಣಸು, ಆಮೇಲೆ ಸೌತೆಕಾಯಿ ಬದನೇಕಾಯಿ, ಕೊನೇಲಿ ಟೊಮೆಟೊ, ಸೊಪ್ಪು. ಸೊಪ್ಪನ್ನ ಮನೇಲಿ ಬಿಡಿಸಿ, ತೆಳು ಬಟ್ಟೇನ ನೆನೆಸಿ ಚೆನ್ನಾಗಿ ಹಿಂಡಿ ಅದರಲ್ಲಿ ಸುತ್ತಿ ಫ್ರಿಜ್ಜಲ್ಲಿಟ್ರೆ ಕೊತ್ತಂಬರಿ ನಾಲ್ಕೈದು ದಿನ ಬಾಡಲ್ಲ, ಕವರಲ್ಲಿ ಕಟ್ಟಿಟ್ರೆ ಬೆವರಿ ಕೊಳೆಯುತ್ತೆ. ಹೂವಿಗೆ ಬಾಳೆ ಎಲೆ ಕೇಳಿ, ಮೊಳ ಮಲ್ಲಿಗೆ ಎಲೇಲಿ ಕಟ್ಟಿಸ್ಕೊಂಡು ಬಂದ್ರೆ ಮಾರನೇ ದಿನಕ್ಕೂ ಘಮ ಇರುತ್ತೆ. ಅಚ್ಚುಬೆಲ್ಲಕ್ಕೆ ಮಾತ್ರ ಬಟ್ಟೆ ಬೇಡ, ಅಂಟುತ್ತೆ, ಮುಚ್ಚಳದ ಡಬ್ಬಿ ಹಿಡ್ಕೊಂಡು ಹೋಗಿ.

ಭಾನುವಾರದ ಮಟನ್ನಿಗೂ ಡಬ್ಬೀನೇ. ಮುಚ್ಚಳ ಬಿಗಿ ಇರೋ ಸ್ಟೀಲ್ ಡಬ್ಬಿ ಕೊಟ್ಟು, ಖಾಲಿ ಡಬ್ಬೀನ ತಕ್ಕಡಿ ಮೇಲಿಟ್ಟು ಸೊನ್ನೆಗೆ ತಂದು ಆಮೇಲೆ ಹಾಕಿ ಅಂತ ಕೇಳಿ, ಕರೆಂಟ್ ತಕ್ಕಡೀಲಿ ಒಂದು ಬಟನ್ ಅಷ್ಟೇ. ಮಾಂಸದ ಡಬ್ಬಿ ಇಡೋ ಚೀಲ ಬೇರೆ ಇರ್ಲಿ, ತರಕಾರಿ ಚೀಲಕ್ಕೆ ಸೇರಿಸ್ಬೇಡಿ, ರಸ ಸೋರಿದ್ರೆ ಅವತ್ತೇ ಬಿಸಿನೀರಲ್ಲಿ ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿ.

ಬಟ್ಟೆ ಚೀಲ ತಿಂಗಳಿಗೆ ಎರಡು ಸಲ ಒಗೀರಿ, ಒಳಭಾಗ ಹೊರಗೆ ಮಾಡಿ, ಮೂಲೇಲಿ ಮಣ್ಣು ಕೂತಿರುತ್ತೆ. ಒದ್ದೇದನ್ನ ಮಡಚಿ ಡಿಕ್ಕೀಗೆ ತುರುಕಿದ್ರೆ ಬೂಷ್ಟು ಹಿಡಿಯೋದು ಗ್ಯಾರಂಟಿ. ಗೋಣೀನ ನೆನೆಸ್ಬೇಡಿ, ಕೊಡವಿ ಬಿಸಿಲಿಗೆ ಹಾಕಿ ಸಾಕು.

ಇಷ್ಟು ಮಾಡಿದ್ರೂ ಮನೇಲಿ ಹಳೇ ಕವರ್ ರಾಶಿ ಇದ್ದೇ ಇರುತ್ತೆ. ಅದನ್ನ ಹಂಡೆ ಒಲೆ ಹಚ್ಚೋಕೆ ಉಪಯೋಗಿಸ್ಬೇಡಿ, ಆ ಹೊಗೆ ವಿಷ. ತೊಳೆದು ಒಣಗಿಸಿ ಒಣ ಕಸಕ್ಕೆ ಕೊಡಿ. ತರಕಾರಿ ಸಿಪ್ಪೆ, ಮಿಕ್ಕಿದ ಅನ್ನ ಕವರಲ್ಲಿ ಗಂಟು ಹಾಕಿ ಬೀದಿ ಮೂಲೇಲಿ ಇಡೋದಂತೂ ಬೇಡವೇ ಬೇಡ ದಯವಿಟ್ಟು. ದನಕ್ಕೆ ಗಂಟು ಬಿಚ್ಚೋಕೆ ಬರಲ್ಲ, ವಾಸನೆಗೆ ಕವರ್ ಸಮೇತ ನುಂಗುತ್ತೆ, ಅದು ಜೀರ್ಣಾನೂ ಆಗಲ್ಲ, ಸಗಣೀಲೂ ಬರಲ್ಲ, ಮೊದಲನೇ ಹೊಟ್ಟೇಲೇ ಸೇರ್ಕೊಂಡು ಉಂಡೆ ಕಟ್ಟುತ್ತೆ. ಪಾಂಡವಪುರದ ಕಡೆ ನಮ್ಮ ಮಾವನ ಮನೇಲಿ ಒಂದು ಹಸು ಹೊಟ್ಟೆ ಉಬ್ಬರಿಸ್ಕೊಂಡು ಮೇವು ಬಿಟ್ಟು ಸತ್ತೋಯ್ತು, ಕುಯ್ದು ನೋಡಿದಾಗ ಬಂದಿದ್ದು ಬರೀ ಕವರು ಮತ್ತೆ ಹಗ್ಗ. ಅವತ್ತು ಅತ್ತೆ ಕೊಟ್ಟಿಗೇಲಿ ಕೂತು ಅತ್ತಿದ್ದನ್ನ ನೋಡಿದ್ಮೇಲೇನೇ ನಾನು ಡಿಕ್ಕೀಲಿ ಚೀಲ ಇಡೋಕೆ ಶುರು ಮಾಡಿದ್ದು.

ಹಿಡಿ ಬಿಚ್ಕೊಂಡ್ರೆ ಚೀಲ ಎಸೀಬೇಡಿ, ಮತ್ತೆ ಹೊಲೀರಿ. ತಳ ಸವೆದು ಜಾಲರಿ ಥರ ಆದ್ರೆ ಹಿಡಿ ಬಿಚ್ಚಿ ಮುಂದಿನ ಚೀಲಕ್ಕೆ ಎತ್ತಿಡಿ, ಮಿಕ್ಕ ಬಟ್ಟೆ ಅಡುಗೆಮನೆ ಒರೆಸೋಕೆ ಆಗುತ್ತೆ. ಅದೂ ಮುಗಿದ್ರೆ ಶುದ್ಧ ಹತ್ತಿ ಆಗಿದ್ರೆ ಹೊಲಿಗೆ ದಾರ ಕಿತ್ತು ಸಣ್ಣಗೆ ಹರಿದು ಕರಿಬೇವಿನ ಗಿಡದ ಬುಡದಲ್ಲಿ ಮಣ್ಣು ಮುಚ್ಚಿ, ಒಂದು ಮಳೆಗಾಲ ಕಳೆದು ಕೆದಕಿ ನೋಡಿದ್ರೆ ನಮ್ಮ ಮನೇಲಿ ಅದರ ಗುರುತೂ ಸಿಕ್ಕಿರ್ಲಿಲ್ಲ.