ಕಲಬುರಗಿಯ ಬಿಸಿಲಲ್ಲಿ ಗೋಸುಂಬೆ, ಗೆಕ್ಕೊ ಸಾಕುವವರಿಗೆ

ಹೊಲದ ಬದುವಿನಲ್ಲಿ, ಜಾಲಿಗಿಡದಲ್ಲಿ ಕಾಣುವ ನಮ್ಮ ಗೋಸುಂಬೆಯನ್ನು ಹಿಡಿದು ತರಲೇಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ. ಇಲ್ಲಿ ಹೇಳುತ್ತಿರುವುದು ಯೆಮನ್ ಕಡೆಯ ವೇಲ್ಡ್ ಗೋಸುಂಬೆ ಮತ್ತು ಪಶ್ಚಿಮ ಆಫ್ರಿಕದ ದಪ್ಪಬಾಲದ ಗೆಕ್ಕೊ ಎಂಬ ಹಲ್ಲಿಯ ಬಗ್ಗೆ. ವೇಲ್ಡ್ ಗೋಸುಂಬೆ ಸೈಟಿಸ್‌ನ (ವನ್ಯಜೀವಿಗಳ ವ್ಯಾಪಾರದ ಮೇಲಿನ ಅಂತರರಾಷ್ಟ್ರೀಯ ಒಪ್ಪಂದ) ಎರಡನೇ ಅನುಬಂಧದಲ್ಲಿದೆ, ಹಾಗಾಗಿ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಣಿ ಬೇಕು. ಕಾಗದಪತ್ರ ಕೊಡದವರ ಹತ್ತಿರ ಕೊಳ್ಳಬೇಡಿ.

ಚಳಿ ದೇಶದವರ ಸೂಚನೆಗಳಲ್ಲಿ ಅರ್ಧಕ್ಕರ್ಧ ಪಂಜರ ಬಿಸಿಮಾಡುವ ಮಾತೇ ಇರುತ್ತದೆ. ಏಪ್ರಿಲ್, ಮೇನಲ್ಲಿ 42 ಡಿಗ್ರಿ ದಾಟುವ ನಮ್ಮೂರಲ್ಲಿ ಈ ಜೀವಗಳನ್ನು ಕೊಲ್ಲುವುದು ಸೆಕೆ ಮತ್ತು ಒಣಗಾಳಿ.

ವೇಲ್ಡ್ ಗೋಸುಂಬೆಗೆ 60 ಸೆಂ.ಮೀ. ಅಗಲ, ಅಷ್ಟೇ ಉದ್ದ, 120 ಸೆಂ.ಮೀ. ಎತ್ತರದ ಜಾಳಿಗೆ ಪಂಜರ ಬೇಕು. ಗಾಜಿನ ಪೆಟ್ಟಿಗೆಯಲ್ಲಿ ಗಾಳಿ ನಿಂತು ಶ್ವಾಸಕೋಶದ ಸೋಂಕು ಬರಬಹುದು. ಒಳಗೆ ದಾಸವಾಳ, ಮನಿಪ್ಲಾಂಟ್ ಇಡಿ. ಎಲೆಯನ್ನೂ ಕಚ್ಚಿ ತಿನ್ನುವ ಪ್ರಾಣಿಯಾದ್ದರಿಂದ ಅಂಗಳದ ಕಣಗಿಲೆ ಹತ್ತಿರ ಸುಳಿಯಬಾರದು, ಅದು ವಿಷ. ಬಿಸಿಲು ಕಾಯುವ ಕೊಂಬೆಯ ಮೇಲೆ 30ರಿಂದ 32 ಡಿಗ್ರಿ, ಕೆಳಗೆ 24ರಿಂದ 27 ಸಾಕು. ಬೇಸಿಗೆಯಲ್ಲಿ ಕೋಣೆಯೇ 30 ದಾಟಿದರೆ ಬಿಸಿಯ ಬಲ್ಬ್ ಆರಿಸಿ, ಯುವಿಬಿ (ಬಿಸಿಲಿನಲ್ಲಿರುವ ಒಂದು ನೇರಳಾತೀತ ಕಿರಣ) ಟ್ಯೂಬ್ ಮಾತ್ರ ಉರಿಯಲಿ. ಮೇಲೆ ಸ್ಲ್ಯಾಬು ಕಾಯುವ ಕೋಣೆ ಬಿಟ್ಟು ನೆಲಮಹಡಿಯ ತಂಪು ಕೋಣೆಗೆ ಪಂಜರ ಇಳಿಸಿ. ಒಣಹವೆಯಲ್ಲಿ ಕೂಲರ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಗಾಳಿ ನೇರವಾಗಿ ಪಂಜರಕ್ಕೆ ಬಡಿಯಬಾರದು. ಕರೆಂಟ್ ಹೋದರೆ ಪಂಜರದ ಎರಡು ಬದಿಗೆ ಒದ್ದೆ ಬಟ್ಟೆ ಇಳಿಬಿಡಿ. ಮೈ ಬಿಳಿಚಿಕೊಂಡು, ಬಾಯಿ ತೆರೆದು ಕೂತರೆ ಸೆಕೆ ತಡೆಯಲಾಗುತ್ತಿಲ್ಲ ಎಂದರ್ಥ. ಆಗ ಮಾಮೂಲಿ ನೀರು ಸಿಂಪಡಿಸಿ, ಐಸ್ ನೀರು ಬೇಡ.

ಬಟ್ಟಲಿನಲ್ಲಿ ನೀರಿಟ್ಟರೆ ಇದು ಗುರುತಿಸುವುದೇ ಕಷ್ಟ, ಎಲೆಯ ಮೇಲೆ ಹೊಳೆಯುವ ಹನಿಯನ್ನು ನೆಕ್ಕುತ್ತದೆ. ಮೆಡಿಕಲ್ ಅಂಗಡಿಯ ಹೊಸ ಸಲೈನ್ ಪೈಪನ್ನು ಬಾಟಲಿಗೆ ಜೋಡಿಸಿ, ಸೆಕೆಂಡಿಗೊಂದು ಹನಿಯಂತೆ ಬೆಳಿಗ್ಗೆ ಅರ್ಧ ಗಂಟೆ ಬಿಡಿ, ಕೆಳಗೆ ಪಾತ್ರೆ ಇಡಿ. ಬೋರ್ ನೀರಿನ ಗಡಸುತನಕ್ಕೆ ಎಲೆ ಮೇಲೆ ಬಿಳಿ ಕಲೆ ಕೂರುತ್ತದೆ, ಫಿಲ್ಟರ್ ನೀರು ಬಳಸಿ. ಹಿಕ್ಕೆಯ ಜೊತೆ ಬರುವ ಉಂಡೆ ಬೆಳ್ಳಗಿದ್ದರೆ ಸರಿ, ಗಾಢ ಹಳದಿ ಅಥವಾ ಕಿತ್ತಳೆಯಾಗಿ, ಕಣ್ಣು ಗುಳಿಬಿದ್ದರೆ ನೀರು ಸಾಲುತ್ತಿಲ್ಲ.

ಹೆಣ್ಣು ಗಂಡಿಲ್ಲದೆಯೂ ಮೊಟ್ಟೆ ಇಡುತ್ತದೆ. 30 ಸೆಂ.ಮೀ. ಆಳದ ಬಕೆಟ್‌ನಲ್ಲಿ ಹಸಿ ಮರಳು ಇಡದಿದ್ದರೆ ಮೊಟ್ಟೆ ಒಳಗೇ ಸಿಕ್ಕಿ ಸಾಯುತ್ತದೆ. ಅತಿಯಾಗಿ ಉಣಿಸಿದರೆ ಮೊಟ್ಟೆಯ ಸಂಖ್ಯೆಯೂ ಹೆಚ್ಚುತ್ತದೆ. ಬೆಳೆದದ್ದಕ್ಕೆ ದಿನ ಬಿಟ್ಟು ದಿನ ನಾಲ್ಕೈದು ಚಿಟ್ಟಿಮಿಡತೆ (ಕ್ರಿಕೆಟ್ ಹುಳು) ಸಾಕು.

ಗೆಕ್ಕೊಗೆ ಶಹಾಬಾದ್ ಕಲ್ಲಿನ ಚಪ್ಪಡಿ ಒಳ್ಳೆಯ ನೆಲ, ಬೆಚ್ಚಗಿನ ತುದಿ 32, ತಂಪು ತುದಿ 25 ಡಿಗ್ರಿ ಇರಲಿ. ಮರಳು ಹಾಸಿದರೆ ನುಂಗಿ ಕರುಳು ಕಟ್ಟಿಕೊಳ್ಳಬಹುದು. ಮುಚ್ಚಳಕ್ಕೆ ಗೆಕ್ಕೊ ನುಸುಳುವಷ್ಟು ತೂತು ಕೊರೆದ ಡಬ್ಬಿಯಲ್ಲಿ ಒದ್ದೆ ತೆಂಗಿನ ನಾರು ತುಂಬಿಡಿ. ನಮ್ಮ ಒಣಹವೆಯಲ್ಲಿ ಇದಿಲ್ಲದಿದ್ದರೆ ಪೊರೆ ಪೂರ್ತಿ ಕಳಚುವುದಿಲ್ಲ. ಬೆರಳ ತುದಿಯಲ್ಲಿ ಉಳಿದ ಪೊರೆ ಉಂಗುರದಂತೆ ಬಿಗಿದು ರಕ್ತ ಹರಿಯದೆ ಬೆರಳೇ ಉದುರುತ್ತದೆ. ಕೀಳಬೇಡಿ, ಆಳವಿಲ್ಲದ ಉಗುರುಬೆಚ್ಚಗಿನ ನೀರಲ್ಲಿ 15 ನಿಮಿಷ ನಿಲ್ಲಿಸಿ, ಒದ್ದೆ ಹತ್ತಿಕಡ್ಡಿಯಿಂದ ಮೆಲ್ಲಗೆ ಸವರಿ.

ಕೀಟಗಳನ್ನು ಹೊಲದಿಂದ ಹಿಡಿಯಬೇಡಿ. ಕಾಯಿಕೊರಕಕ್ಕೆ ಔಷಧಿ ಹೊಡೆದ ತೊಗರಿ ಹೊಲದ ಒಂದು ಮಿಡತೆ ಸಾಕು, ಪ್ರಾಣಿ ಹೋಗುತ್ತದೆ. ಮನೆಯಲ್ಲೇ ಚಿಟ್ಟಿಮಿಡತೆ ಸಾಕಿ, ಕೊಡುವ ಮುಂಚಿನ ದಿನ ಗಜ್ಜರಿ, ಸೊಪ್ಪು ತಿನ್ನಿಸಿ, ಗೋಸುಂಬೆಗಾದರೆ ಪ್ರತಿಸಲ ಡಿ3 ವಿಟಮಿನ್ ಇಲ್ಲದ ಕ್ಯಾಲ್ಸಿಯಂ ಪುಡಿ ಸವರಿ. ಡಿ3 ಇರುವುದು ತಿಂಗಳಿಗೆ ಎರಡು ಸಲ. ಕಿಟಕಿ ಗಾಜು ಯುವಿಬಿಯನ್ನು ತಡೆಯುತ್ತದೆ, ಗಾಜಿನಾಚೆಯ ಬಿಸಿಲು ಲೆಕ್ಕಕ್ಕಿಲ್ಲ. ಟ್ಯೂಬ್ ಬೆಳಕು ಚೆಲ್ಲುತ್ತಿದ್ದರೂ ವರ್ಷಕ್ಕೊಮ್ಮೆ ಬದಲಿಸಿ. ಕಾಲು ಬಾಗುವುದು, ದವಡೆ ರಬ್ಬರಿನಂತಾಗುವುದು ಕ್ಯಾಲ್ಸಿಯಂ ಕೊರತೆಯ ಗುರುತು, ಅಷ್ಟರಲ್ಲಿ ಮೂಳೆ ಆಗಲೇ ಸವೆದಿರುತ್ತದೆ. ಬೀದರಿನ ಪಶುವೈದ್ಯಕೀಯ ಕಾಲೇಜಿಗೆ ಹೊರಡುವ ಮುನ್ನ ಸರೀಸೃಪ ನೋಡುವ ವೈದ್ಯರಿದ್ದಾರೆಯೇ ಎಂದು ಫೋನ್ ಮಾಡಿ ಕೇಳಿ. ತೂತು ಇಟ್ಟ ಡಬ್ಬಿಯಲ್ಲಿ ಒದ್ದೆ ಬಟ್ಟೆ ಹಾಸಿ, ಸೂರ್ಯ ಏರುವ ಮುಂಚೆಯೇ ಹೊರಡಿ.