ವಾರ್ಡಿನಲ್ಲಿ ಆರೈಕೆ ಸಡಿಲವಾದಾಗ ಮನೆಯವರು ಮಾಡಬೇಕಾದ್ದು

ಸಮುದಾಯ ಆರೋಗ್ಯ ಕೇಂದ್ರವೆಂದರೆ ಲೆಕ್ಕಕ್ಕೆ 30 ಹಾಸಿಗೆ, ತಾಲೂಕು ಆಸ್ಪತ್ರೆಯೆಂದರೆ 100. ಮಳೆಗಾಲದಲ್ಲಿ ಮಂಗಳೂರು, ಉಡುಪಿ ಕಡೆ ಡೆಂಗಿ, ಮಲೇರಿಯಾ, ಇಲಿಜ್ವರ ಒಟ್ಟೊಟ್ಟಿಗೆ ಶುರುವಾದರೆ ಹಾಸಿಗೆ ತುಂಬುತ್ತದೆ, ಸಿಸ್ಟರ್‌ಗಳು ಮಾತ್ರ ಇದ್ದಷ್ಟೇ ಜನ. ಆಗ ಮೊದಲು ತಪ್ಪಿಹೋಗುವುದು ಸಣ್ಣ ಕೆಲಸಗಳು: ಹೊತ್ತಿಗೆ ಸರಿಯಾಗಿ ಬಿಪಿ ನೋಡುವುದು, ಮಗ್ಗುಲು ಬದಲಿಸುವುದು, ಮೂತ್ರದ ಅಳತೆ ಬರೆದಿಡುವುದು, ಮನೆಯವರಿಗೆ ಎರಡು ಮಾತು ಹೇಳುವುದು. ರೋಗಿ ಕೈತಪ್ಪುವುದೂ ಹೆಚ್ಚಾಗಿ ಇಂಥ ಸಂದಿಯಲ್ಲೇ. ಆದ್ದರಿಂದ ಜೊತೆಗೆ ಕೂತವರ ಕಣ್ಣು ಚುರುಕಾಗಿರಬೇಕು.

ದಾಖಲಾದ ದಿನವೇ ಒಂದು ನೋಟ್‌ಬುಕ್ಕು, ಒಂದು ಪೆನ್ನು ತಂದಿಡಿ. ಪುಟಕ್ಕೆ ನಾಲ್ಕು ಕಾಲಂ: ಸಮಯ, ಕಂಡದ್ದು, ಯಾರಿಗೆ ಹೇಳಿದ್ದು, ಆಮೇಲೆ ಆದದ್ದು. ಒಂದು ಸಾಲು ಹೀಗಿರಬೇಕು: "ರಾತ್ರಿ 11.40. ಸಂಜೆ 6ರಿಂದ ಮೂತ್ರ 80 ಮಿ.ಲೀ. ಡ್ಯೂಟಿ ಸಿಸ್ಟರ್‌ಗೆ ಹೇಳಿದೆ. 12.10ಕ್ಕೆ ಡಾಕ್ಟರ್ ಬಂದರು." "ಯಾರೂ ಸರಿಯಾಗಿ ನೋಡ್ತಿಲ್ಲ" ಎಂದು ಕೂಗಿದರೆ ಎದುರಿಗಿದ್ದವರಿಗೆ ಮಾಡಲು ಕೆಲಸವೇ ಸಿಗುವುದಿಲ್ಲ. "ಸಿಸ್ಟರ್, ಅಮ್ಮನಿಗೆ ಆರು ಗಂಟೆಯಿಂದ ಎಂಬತ್ತು ಎಂ.ಎಲ್. ಮಾತ್ರ ಹೋಗಿದೆ, ಒಮ್ಮೆ ಡ್ಯೂಟಿ ಡಾಕ್ಟ್ರಿಗೆ ಹೇಳ್ತೀರಾ?" ಎಂದರೆ ಅವರು ಏಳುತ್ತಾರೆ. ಹಗಲು ಸೊಸೆ, ರಾತ್ರಿ ಮಗ ಕೂರುವ ಮನೆಗಳಲ್ಲಿ ಪುಸ್ತಕ ಕೈಯಿಂದ ಕೈಗೆ ಹೋಗಲಿ. ಒಬ್ಬರು ವಾಂತಿ ನಿಂತಿದೆ ಎಂದೂ ಇನ್ನೊಬ್ಬರು ಮೂರು ಸಲ ಆಗಿದೆ ಎಂದೂ ಹೇಳಿದರೆ ಡಾಕ್ಟರ್ ಯಾವುದನ್ನು ನಂಬಬೇಕು?

ಏನನ್ನು ನೋಡಬೇಕು? ಮೊದಲನೆಯದು ಉಸಿರು. ರೋಗಿಗೆ ಗೊತ್ತಾಗದ ಹಾಗೆ, ಮೊಬೈಲಿನ ಗಡಿಯಾರ ಇಟ್ಟುಕೊಂಡು ಎದೆ ಏರುವುದನ್ನು ಪೂರ್ತಿ ಒಂದು ನಿಮಿಷ ಎಣಿಸಿ. ಎಣಿಸುತ್ತಿದ್ದೀರಿ ಎಂದು ತಿಳಿದರೆ ಉಸಿರಿನ ಲಯವೇ ಬದಲಾಗುತ್ತದೆ. ಸುಮ್ಮನೆ ಮಲಗಿದ ದೊಡ್ಡವರಲ್ಲಿ 12ರಿಂದ 20 ಸಹಜ; 24 ದಾಟಿದರೆ ಬೆಳಗಿನ ರೌಂಡ್ಸ್‌ವರೆಗೆ ಕಾಯಬೇಡಿ. ಎರಡನೆಯದು ಮೂತ್ರ. ಕೆ.ಜಿ.ಗೆ ಗಂಟೆಗೆ ಅರ್ಧ ಮಿ.ಲೀ. ಲೆಕ್ಕ, ಅಂದರೆ 60 ಕೆ.ಜಿ. ತೂಕದವರಿಗೆ ಗಂಟೆಗೆ 30 ಮಿ.ಲೀ. ಮೇಲೆ ಬರೆದ ಸಾಲಿನಲ್ಲಿ ಐದೂವರೆ ಗಂಟೆಗೂ ಹೆಚ್ಚು ಹೊತ್ತಿಗೆ 80 ಎಂದರೆ ಬೇಕಾದ್ದರ ಅರ್ಧವೂ ಆಗಲಿಲ್ಲ. ಇಲಿಜ್ವರ ಮೂತ್ರಪಿಂಡವನ್ನೇ ಹಿಡಿಯುವ ಕಾಯಿಲೆ, ಅಲ್ಲಿ ಈ ಅಂಕಿ ತುಂಬಾ ಮುಖ್ಯ. ಮೂತ್ರದ ಚೀಲ ಸೊಂಟಕ್ಕಿಂತ ಕೆಳಗೆ ಇರಬೇಕು, ಆದರೆ ನೆಲಕ್ಕೆ ತಾಗಬಾರದು. ನಳಿಕೆ ಮಡಚಿಕೊಂಡಿದ್ದರೂ ಮೂತ್ರ ಬರುವುದಿಲ್ಲ, ಅದನ್ನೊಮ್ಮೆ ನೋಡಿಕೊಂಡೇ ಸಿಸ್ಟರ್‌ರನ್ನು ಕರೆಯಿರಿ. ಮೂರನೆಯದು ಮಾತು. ನಿನ್ನೆ ಸರಿಯಿದ್ದವರು ಇವತ್ತು ಹೊತ್ತುಗೊತ್ತು ತಿಳಿಯದೆ ಏನೇನೋ ಹೇಳಿದರೆ "ವಯಸ್ಸಾಯ್ತಲ್ಲ" ಎಂದು ಬಿಟ್ಟುಬಿಡಬೇಡಿ. ಸೋಂಕು, ಸಕ್ಕರೆ ಇಳಿಯುವುದು, ಸೋಡಿಯಂ ಕಡಿಮೆಯಾಗುವುದು ಎಲ್ಲವೂ ಹೀಗೆ ಶುರುವಾಗಬಹುದು.

ಡೆಂಗಿಯ ಬಗ್ಗೆ ಬೇರೆಯೇ ಹೇಳಬೇಕು. ಜ್ವರ ಇಳಿದ ಕೂಡಲೇ ಮನೆಯವರು ನಿರಾಳವಾಗುತ್ತಾರೆ, ತುಂಬಿದ ವಾರ್ಡಿನಲ್ಲಿ ಗಮನವೂ ಬೇರೆ ಹಾಸಿಗೆಗೆ ಹೋಗುತ್ತದೆ. ನಿಜವಾದ ಅಪಾಯದ ಹೊತ್ತು ಅದೇ: ಸಾಮಾನ್ಯವಾಗಿ ಜ್ವರ ಶುರುವಾದ 3ರಿಂದ 7ನೇ ದಿನದೊಳಗೆ, ಜ್ವರ ಬಿಟ್ಟ ಮೇಲಿನ 24ರಿಂದ 48 ಗಂಟೆ. ಆಗ ರಕ್ತನಾಳದೊಳಗಿನ ನೀರು ಹೊರಗೆ ಸೋರಿ ಬಿಪಿ ಕುಸಿಯುತ್ತದೆ. ಬಿಡದ ಹೊಟ್ಟೆನೋವು, ಮತ್ತೆ ಮತ್ತೆ ವಾಂತಿ, ವಸಡಿನಲ್ಲಿ ರಕ್ತ, ತಣ್ಣಗಾದ ಕೈಕಾಲು, ವಿಪರೀತ ಸುಸ್ತು: ಇವುಗಳಲ್ಲಿ ಒಂದು ಕಂಡರೂ ಕೂಡಲೇ ಹೇಳಿ. ಪ್ಲೇಟ್‌ಲೆಟ್ ಎಷ್ಟೆಂದು ಕೇಳುವವರು ಬಹಳ. ಬಿಪಿ ಎಷ್ಟು, ಪಿಸಿವಿ (ರಕ್ತದಲ್ಲಿ ಕೆಂಪು ಕಣಗಳ ಪಾಲು; ನೀರು ಸೋರಿದರೆ ಏರುತ್ತದೆ) ಎಷ್ಟು ಎಂದೂ ಕೇಳಿ.

ಎದ್ದು ಕೂರಲಾಗದವರಿಗೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ಸೊಂಟದ ಹಿಂಭಾಗ, ಹಿಮ್ಮಡಿ, ಪೃಷ್ಠದ ಪಕ್ಕ ದಿನಕ್ಕೆರಡು ಸಲ ನೋಡಿ. ಕೆಂಪಾದ ಜಾಗವನ್ನು ಬೆರಳಿನಿಂದ ಒತ್ತಿ ಬಿಟ್ಟಾಗ ಕ್ಷಣ ಬಿಳಿಯಾದರೆ ಇನ್ನೂ ತಡೆಯಬಹುದು; ಬಿಳಿಯಾಗದೆ ಕೆಂಪಾಗಿಯೇ ಉಳಿದರೆ ಹುಣ್ಣು ಶುರುವಾಗಿದೆ ಎಂದೇ ಲೆಕ್ಕ. ಅಲ್ಲಿ ಉಜ್ಜಬೇಡಿ. ಮೂಗಿನ ನಳಿಕೆಯಲ್ಲಿ ಆಹಾರ ಕೊಡುವುದಾದರೆ ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರಿಸಿ, ಕೊಟ್ಟ ಮೇಲೂ ಅರ್ಧದಿಂದ ಒಂದು ಗಂಟೆ ಹಾಗೇ ಇಡಿ. ಇಲ್ಲವಾದರೆ ಆಹಾರ ಶ್ವಾಸಕೋಶಕ್ಕೆ ಇಳಿಯಬಹುದು.

ಡ್ರಿಪ್ಪಿನ ಚಕ್ರ, ಆಕ್ಸಿಜನ್ ತಿರುಪು ಮಾತ್ರ ಮುಟ್ಟಲೇಬೇಡಿ. ಸೂಜಿ ಚುಚ್ಚಿದಲ್ಲಿ ಊದಿದರೆ, ಕೆಂಪಾಗಿ ಬಿಸಿಯಾದರೆ ಹೇಳಿದರೆ ಸಾಕು. ಮನೆಯಿಂದ ತಂದ ಗಂಜಿಯೂ ಲೆಕ್ಕಕ್ಕೆ ಸೇರಬೇಕು: ನೀರು ಮಿತಿ ಮಾಡಿದ ಹೃದಯದ, ಮೂತ್ರಪಿಂಡದ ರೋಗಿಗೆ ತಿಳಿಗಂಜಿಯೂ ನೀರೇ, ನಂಚಿಕೊಳ್ಳುವ ಉಪ್ಪಿನಕಾಯಿ ಬರೀ ಉಪ್ಪೇ.

ರೌಂಡ್ಸ್‌ಗೆ ಮೊದಲು ಮೂರು ಪ್ರಶ್ನೆ ಬರೆದಿಡಿ: ಯಾವ ಕಾಯಿಲೆಯೆಂದು ಚಿಕಿತ್ಸೆ ಕೊಡುತ್ತಿದ್ದೀರಿ, ಇವತ್ತು ಯಾವ ರಿಪೋರ್ಟಿಗೆ ಕಾಯುತ್ತಿದ್ದೇವೆ, ಏನು ಕಂಡರೆ ನಿಮ್ಮನ್ನು ಕರೆಯಬೇಕು. ಒಬ್ಬರೇ ಮಾತಾಡಿ. ತುಳು, ಬ್ಯಾರಿ ಅಥವಾ ಕೊಂಕಣಿ ಮಾತ್ರ ಬರುವ ಅಜ್ಜಿಯ ನೋವನ್ನು ಹೊರಗಿನಿಂದ ಬಂದ ಡಾಕ್ಟರಿಗೆ ಹೇಳುವಾಗ "ಹೊಟ್ಟೆನೋವಂತೆ" ಎಂದು ಮುಗಿಸಬೇಡಿ. ಉರಿಯೋ, ಹಿಂಡುವುದೋ, ಚುಚ್ಚುವುದೋ, ಅವರ ಮಾತನ್ನು ಹಾಗೆಯೇ ದಾಟಿಸಿ.

ಹೇಳಿಯೂ ಆಗದಿದ್ದರೆ ಮೆಟ್ಟಿಲು ಹತ್ತಬೇಕು: ಡ್ಯೂಟಿ ಸಿಸ್ಟರ್, ಡ್ಯೂಟಿ ಡಾಕ್ಟರ್, ಆಮೇಲೆ ಆಡಳಿತ ವೈದ್ಯಾಧಿಕಾರಿ. ಸರಕಾರಿ ಆಸ್ಪತ್ರೆಯಾದರೆ 104 ಸಹಾಯವಾಣಿಗೂ ಕರೆ ಮಾಡಬಹುದು. ಅಲ್ಲಿಂದ ಮುಂದೆ ಜಿಲ್ಲಾ ಆರೋಗ್ಯಾಧಿಕಾರಿಗೆ ಬರವಣಿಗೆಯಲ್ಲಿ ದೂರು: ಎರಡು ಪ್ರತಿ ಮಾಡಿ, ನಿಮ್ಮ ಪ್ರತಿಗೆ ಸೀಲು, ತಾರೀಕು ಹಾಕಿಸಿಕೊಳ್ಳಿ. ಖಾಸಗಿ ಆಸ್ಪತ್ರೆಗೆ 2007ರ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಜಿಲ್ಲಾ ಪ್ರಾಧಿಕಾರವಿದೆ, ಅದಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ವೈದ್ಯಕೀಯ ದಾಖಲೆಯನ್ನು ಅರ್ಜಿ ಕೊಟ್ಟ 72 ಗಂಟೆಯೊಳಗೆ ಕೊಡಬೇಕೆಂಬುದು ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮ. ಸಿಬ್ಬಂದಿಯ ಮೇಲೆ ಕೈಮಾಡುವುದು ಜಾಮೀನಿಲ್ಲದ ಅಪರಾಧ, ರೋಗಿಗೂ ಅದರಿಂದ ಕೆಡುಕೇ.

ಮಂಗಳೂರಿನ ವೆನ್ಲಾಕ್‌ಗೋ ಉಡುಪಿಯ ಅಜ್ಜರಕಾಡು ಜಿಲ್ಲಾಸ್ಪತ್ರೆಗೋ ಕಳಿಸುವುದಾದರೆ ಹೊರಡುವ ಗಡಿಬಿಡಿಯಲ್ಲಿ ಚೀಟಿ ಓದದೆ ಸಹಿ ಹಾಕಬೇಡಿ. ಡಾಕ್ಟರೇ ಕಳಿಸುತ್ತಿದ್ದರೂ "ಸ್ವಇಚ್ಛೆಯಿಂದ ಹೋಗುತ್ತೇವೆ" ಎಂಬ ಕಾಗದಕ್ಕೆ ಸಹಿ ಬಿದ್ದರೆ ಮುಂದೆ ತೊಡಕು. ರೆಫರಲ್ ಚೀಟಿಯಲ್ಲಿ ಹೊರಟಾಗಿನ ಬಿಪಿ, ನಾಡಿ, ಕೊಟ್ಟ ಇಂಜೆಕ್ಷನ್‌ಗಳ ಹೆಸರು, ಕೊನೆಯ ಡೋಸಿನ ಗಂಟೆ ಇರಲಿ. ಆಯುಷ್ಮಾನ್ ಯೋಜನೆಯಡಿ ಖಾಸಗಿಗೆ ಹೋಗಲೂ, ತುರ್ತು ಸಂದರ್ಭ ಬಿಟ್ಟರೆ, ಸರಕಾರಿ ಆಸ್ಪತ್ರೆಯ ಈ ಚೀಟಿಯೇ ಬೇಕು. ರೇಷನ್ ಕಾರ್ಡು, ಆಧಾರ್, ಎಕ್ಸ್‌ರೇ ಕವರು ಒಂದೇ ಚೀಲದಲ್ಲಿ ಹಾಕಿ, 108 ಹತ್ತುವಾಗ ಆ ನೋಟ್‌ಬುಕ್ಕನ್ನೂ ಮರೆಯದೆ ತೆಗೆದುಕೊಳ್ಳಿ.